ಇದು ನಿಮಗಾಗಲ್ಲ

"ಅದು ನಿಮಗಾಗಲ್ಲ."

ಮಷಿನ್ನಿನ ಹಿಡಿಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.

ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದ ವ್ಯಾಕ್ಯೂಮ್ ಕ್ಲೀನರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅದು. ಕೆಂಪು ಮೈ, ಹೊಟ್ಟೆಯ ಜಾಗದಲ್ಲಿ ಪಾರದರ್ಶಕ ಡಬ್ಬಿ. ಎಳೆದುಕೊಂಡ ಧೂಳು ಅದರೊಳಗೆ ಬುಗುರಿಯ ಹಾಗೆ ತಿರುಗುವುದು ಹೊರಗೇ ಕಾಣುತ್ತದಂತೆ. ಅವಳಿಗೆ ಹಿಡಿಸಿದ್ದೇ ಅದು. ಇಷ್ಟು ವರ್ಷ ಕಾಡಿದ ಶತ್ರು ಜೈಲಿನಲ್ಲಿ ಸುತ್ತುವುದನ್ನು ಕಣ್ಣಾರೆ ನೋಡಬಹುದಲ್ಲ.

ತಿರುಗಿದಳು. ಅಂಗಡಿಯ ನೀಲಿ ಅಂಗಿ ತೊಟ್ಟ ಮಾರಾಟದವನು. ಉದ್ದನೆಯ, ಸಣಕಲು ಆಳು. ಅವಳ ಮುಖ ಬಿಟ್ಟು ಮಷಿನ್ನನ್ನೇ ನೋಡುತ್ತ ನಿಂತಿದ್ದ.

"ರೀ, ಏನಂದ್ರಿ?"

"ಅದು... ನಿಮಗೆ..."

ಅಷ್ಟಕ್ಕೇ ನಿಲ್ಲಿಸಿಬಿಟ್ಟ.

ಅವಳು ತನ್ನನ್ನು ತಾನೇ ಒಮ್ಮೆ ನೋಡಿಕೊಂಡಳು. ತಲೆಗೂದಲಲ್ಲಿ ಸಿಕ್ಕಿಕೊಂಡ ನಾರು. ತೋಳಿನ ಮೇಲೆ ಒಣಗಿದ ಅಂಟು. ಸುತ್ತಿಗೆ ಪೆಟ್ಟು ತಿಂದು ಕಪ್ಪಾದ ಹೆಬ್ಬೆರಳಿನ ಉಗುರು.

ಓಹೋ... ಇದಕ್ಕಾ?

ಆ ಮಾತು ಅವಳಿಗೆ ಹೊಸದೇನಲ್ಲ. ಸೋಫಾ ರಿಪೇರಿ ಮಾಡುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಅವರ ಸುತ್ತಿಗೆಯನ್ನು ಅವಳು ಎತ್ತಿಕೊಂಡಾಗ ಅಣ್ಣ ಮೊದಲು ಹೇಳಿದ್ದು ಅದೇ: ನಿನಗಾಗಲ್ಲ. ಹರಿದ ಸೋಫಾ ತಂದ ಗಿರಾಕಿಗಳು ಅವಳ ಹೆಗಲ ಮೇಲಿಂದ ಒಳಗೆ ಇಣುಕಿ, ಮೇಸ್ತ್ರಿ ಇಲ್ವಾ ಎಂದು ಕೇಳುತ್ತಿದ್ದರು. ನಾನೇ ಎಂದರೆ ಮುಂದಿನ ಪ್ರಶ್ನೆ ಸಿದ್ಧ: ನಿಮಗಾಗುತ್ತಾ?

ಆಗುತ್ತಿತ್ತು. ಸ್ಪ್ರಿಂಗ್ ಕಟ್ಟುವುದು, ಫೋಮ್ ಕತ್ತರಿಸುವುದು, ಬಟ್ಟೆ ಎಳೆದು ಮೊಳೆ ಹೊಡೆಯುವುದು... ಎಲ್ಲವೂ ಆಗುತ್ತಿತ್ತು. ಈಗ ಒಂದು ಗುಂಡಿ ಒತ್ತಿದರೆ ಓಡುವ ಮಷಿನ್ನು ಮಾತ್ರ ಆಗುವುದಿಲ್ಲವಂತೆ.

"ಇದನ್ನೇ ಪ್ಯಾಕ್ ಮಾಡಿ," ಎಂದು ಬಿಲ್ಲಿನ ಮೇಜಿನತ್ತ ಕೂಗಿದಳು.

ಅವನು ಎರಡು ಹೆಜ್ಜೆ ಹಿಂದೆಯೇ ಬಂದ. "ಮೇಡಂ, ಧೂಳು..."

"ಧೂಳಿನ ವಿಷಯ ನಂಗೆ ಹೇಳ್ಬೇಡಿ. ನಾನು ಅದರಲ್ಲೇ ಬೆಳೆದವಳು."

ಅವನು ಬಾಯಿ ಮುಚ್ಚಿದ. ಆದರೆ ಬಾಗಿಲ ತನಕ ಮಷಿನ್ನಿನ ಪೆಟ್ಟಿಗೆಯನ್ನು ಹೊತ್ತು ತಂದವನು ಅವನೇ. ಅಷ್ಟೇನೂ ಸುಖದಿಂದ ಹೊತ್ತಂತೆ ಕಾಣಲಿಲ್ಲ.

ಅವಳಿದ್ದದ್ದು ಎರಡೇ ಕೋಣೆಯ ಮನೆ. ಮುಂದಿನದು ಕೆಲಸದ ಕೋಣೆ, ಹಿಂದಿನದು ಅಡುಗೆ, ಮಂಚ, ಬಾಳು ಎಲ್ಲ ಸೇರಿದ್ದು. ನಡುವೆ ಬಾಗಿಲಿರಲಿಲ್ಲ, ಅವಳೇ ಹೊಲಿದ ದಪ್ಪನೆಯ ಪರದೆ ಇತ್ತು. ಹಳೆಯ ಸೋಫಾದ ಹೊದಿಕೆ ಕಿತ್ತಾಗ ಅದರೊಳಗಿಂದ ಇನ್ನೊಬ್ಬರ ಮನೆಯ ಹತ್ತಾರು ವರ್ಷದ ಧೂಳು ಏಳುತ್ತಿತ್ತು. ಹಿಟ್ಟಾದ ಫೋಮ್, ಪುಡಿಯಾದ ನಾರು, ಸಾಕುಬೆಕ್ಕಿನ ರೋಮ.

ಅಮ್ಮನಿಗೆ ಉಬ್ಬಸ. ಆದರೂ ಮಗಳ ಪಕ್ಕದಲ್ಲೇ ಕೂರಬೇಕು. ಕಿತ್ತ ಹಳೆಯ ಮೊಳೆಗಳನ್ನು ಆರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕುವುದು ಅವರೇ ಆರಿಸಿಕೊಂಡ ಕೆಲಸ. ಟಣ್... ಟಣ್... ಆ ಸದ್ದು ಕೇಳದಿದ್ದರೆ ಅವಳ ಸುತ್ತಿಗೆಗೂ ತಾಳ ತಪ್ಪುತ್ತಿತ್ತು.

ಹೋದ ವಾರ ಡಾಕ್ಟರು ಸುತ್ತಿಬಳಸದೆ ಹೇಳಿದ್ದರು: ಧೂಳು ಮನೆ ಬಿಡಬೇಕು, ಇಲ್ಲವೇ ಅಮ್ಮ. ಅದನ್ನು ಕೇಳಿದ ಅಣ್ಣ ತಿಂಗಳ ಗಡುವು ಕೊಟ್ಟಿದ್ದ. ಕೆಲಸ ಮುಚ್ಚು, ಆಗಲಿಲ್ಲವೆಂದರೆ ಅಮ್ಮನನ್ನು ನಾನು ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಅವನ ಊರು ದೂರ. ಅವನದು ದುಷ್ಟತನವೂ ಅಲ್ಲ. ಅಮ್ಮ ಉಸಿರಿಗೆ ಒದ್ದಾಡುವುದನ್ನು ಅವನೂ ನೋಡಿದ್ದ.

ಕೆಲಸ ಬಿಟ್ಟರೆ ಅವಳು ಅವಳಲ್ಲ. ಅಮ್ಮನನ್ನು ಬಿಟ್ಟರೆ ಮನೆ ಮನೆಯಲ್ಲ. ಎರಡನ್ನೂ ಉಳಿಸಿಕೊಳ್ಳಲು ಅವಳಿಗೆ ತೋಚಿದ್ದು ಆ ಕೆಂಪು ಮಷಿನ್ನು.

ಅದು ಕೆಲಸವನ್ನೇನೋ ಚೆನ್ನಾಗಿಯೇ ಮಾಡಿತು. ನೆಲ, ಗೋಡೆಯ ಸಂದು, ಮೇಜಿನ ಅಡಿ... ಡಬ್ಬಿಯಲ್ಲಿ ಬೂದುಬಣ್ಣದ ಬುಗುರಿ ತಿರುಗಿತು. ಅಮ್ಮ ಕೂಡ ಪರದೆ ಸರಿಸಿ ಬಂದು ನೋಡಿ, ಪರವಾಗಿಲ್ವೇ ನಿನ್ನ ರಾಕ್ಷಸ ಎಂದರು.

ಡಬ್ಬಿ ತುಂಬಿತು. ಕಸದ ಬುಟ್ಟಿಯ ಮೇಲೆ ಹಿಡಿದು ಮುಚ್ಚಳ ತೆಗೆದಳು.

ಎಳೆದದ್ದೆಲ್ಲ ಒಮ್ಮೆಗೇ ಎದ್ದಿತು. ಹಿಟ್ಟಿಗಿಂತ ನುಣುಪಾದ ಧೂಳು ಬುಟ್ಟಿಗೆ ಬೀಳುವ ಬದಲು ಕೋಣೆ ತುಂಬ ಹರಡಿತು. ಅಮ್ಮ ಕೆಮ್ಮಲು ಶುರು ಮಾಡಿದರು, ಆಮೇಲೆ ಕೆಮ್ಮಲೂ ಆಗದೆ ಗೋಡೆ ಹಿಡಿದರು. ಅವಳು ಉಬ್ಬಸದ ಪಂಪು ಹುಡುಕಿ ಅಮ್ಮನ ಬಾಯಿಗಿಟ್ಟಳು. ಉಸಿರು ಹತೋಟಿಗೆ ಬರುವವರೆಗೂ ಅಮ್ಮನ ಬೆನ್ನು ನೀವುತ್ತಲೇ ಕುಳಿತಳು.

ಆಗ ಅವಳ ತಲೆಯಲ್ಲಿ ಆ ಮಾತು ಬೇರೆ ದನಿಯಲ್ಲಿ ಕೇಳಿಸಿತು. ಅದು ನಿಮಗಾಗಲ್ಲ.

ನಿನ್ನ ಕೈಲಾಗದು ಎಂದಲ್ಲ... ನಿಮ್ಮ ಮನೆಗೆ ಒಗ್ಗದು ಎಂದಿದ್ದನೇ ಅವನು?

ಮರುದಿನ ಬೆಳಗ್ಗೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಂಗಡಿಗೆ ಹೋದಳು. ಅವನು ಪೆಟ್ಟಿಗೆಯನ್ನು ನೋಡಿದ, ಅವಳ ಕೆಂಪಾದ ಕಣ್ಣು ನೋಡಿದ.

"ಅಮ್ಮ... ಹೇಗಿದಾರೆ?"

ಮೊದಲ ದಿನ ಒಳಗೆ ಬಂದ ಕೂಡಲೇ ಬಿಲ್ಲಿನ ಮೇಜಿನ ಅಕ್ಕನ ಹತ್ತಿರ ಅವಳು ಅಮ್ಮನ ಉಬ್ಬಸದ ವಿಷಯ ಹೇಳಿಕೊಂಡಿದ್ದಳು. ಅವನು ಕೇಳಿಸಿಕೊಂಡಿದ್ದ. ಕೇಳಿಸಿಕೊಂಡೇ ಆ ಮಾತು ಆಡಿದ್ದ.

ಬಯ್ಯಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳು ಅವಳಿಗೆ ಬೇಕಾಗಲಿಲ್ಲ. "ಪೂರ್ತಿ ಯಾಕೆ ಹೇಳ್ಲಿಲ್ಲ ನೀವು?" ಎಂದು ಮಾತ್ರ ಕೇಳಿದಳು.

"ಹೇಳೋಕೆ... ಬಿಡ್ಲಿಲ್ಲ."

ಅದೂ ನಿಜವೇ.

ಬಿಲ್ಲಿನ ಅಕ್ಕ ನಕ್ಕು ನಡುವೆ ಬಂದಳು. ಇವನನ್ನು ಅಂಗಡಿಯಲ್ಲಿ ಎಲ್ಲರೂ ಅರ್ಧಮಾತು ಅಂತಲೇ ಕರೆಯುವುದು ಎಂದಳು. ಚಿಕ್ಕಂದಿನಲ್ಲಿ ತೊದಲು ಇತ್ತಂತೆ. ಮಾತಿನ ಕೊನೆಗೆ ಬರುವಾಗ ನಾಲಿಗೆ ತಡೆಯುತ್ತಿತ್ತಂತೆ, ಮಕ್ಕಳು ನಗುತ್ತಿದ್ದರಂತೆ. ಅದಕ್ಕೇ ಕೊನೆ ಬರುವ ಮೊದಲೇ ನಿಲ್ಲಿಸುವುದನ್ನು ಕಲಿತ. ತೊದಲು ಹೋಯಿತು, ನಿಲ್ಲಿಸುವುದು ಉಳಿಯಿತು.

ಅವನು ಕಿವಿ ಕೆಂಪಗೆ ಮಾಡಿಕೊಂಡು ಪೆಟ್ಟಿಗೆಯನ್ನು ಒಳಗೆ ತೆಗೆದುಕೊಂಡು ಹೋದ. ಯಜಮಾನರ ಹತ್ತಿರ ಏನು ಹೇಳಿದನೋ, ಎಷ್ಟು ಅರ್ಧ ಹೇಳಿದನೋ! ಮಷಿನ್ನನ್ನು ಅಂಗಡಿಯ ಡೆಮೊಗೆ ಇಟ್ಟುಕೊಂಡು ಬೇರೆಯದನ್ನು ಕೊಡಲು ಅವರು ಒಪ್ಪಿದರು.

"ಮನೆ ನೋಡ್ಬೇಕು," ಎಂದ ಹೊರಬಂದು.

ಆ ಮಧ್ಯಾಹ್ನ ಅಂಗಡಿಯ ವ್ಯಾನಿನಲ್ಲಿ ಮೂರು ಮಷಿನ್ನು ತುಂಬಿಕೊಂಡು ಬಂದ. ಅಮ್ಮನನ್ನು ಪಕ್ಕದ ಮನೆಗೆ ಕಳಿಸಿ ಎಂದ. ಕಿಟಕಿಗಳನ್ನು ಮುಚ್ಚಿಸಿದ. ಕತ್ತಲಾದ ಕೆಲಸದ ಕೋಣೆಯಲ್ಲಿ ಟಾರ್ಚು ಹಚ್ಚಿ ಅವಳ ಕೈಗೆ ಕೊಟ್ಟು, ಮಷಿನ್ನಿನ ಹಿಂದೆ ಗಾಳಿ ಹೊರಬರುವ ಕಡೆಗೆ ಹಿಡಿಯಲು ಹೇಳಿದ.

ಮೊದಲ ಮಷಿನ್ನು ಓಡಿತು. ಮುಂದಿನಿಂದ ಎಳೆದ ಧೂಳಿನ ಒಂದು ಪಾಲನ್ನು ಅದು ಹಿಂದಿನಿಂದ ಉಗುಳುತ್ತಿತ್ತು. ಟಾರ್ಚಿನ ಬೆಳಕಿನ ಕೋಲಿನಲ್ಲಿ ಕಣಗಳು ನೊಣಗಳ ಹಾಗೆ ಮುತ್ತಿದ್ದವು. ಎರಡನೆಯದಕ್ಕೆ ಬಲ ಹೆಚ್ಚು, ಸದ್ದು ಅದಕ್ಕಿಂತ ಹೆಚ್ಚು. ಮುಚ್ಚಳದ ಅಂಚಿನಿಂದ ಸೋರುತ್ತಿತ್ತು.

ಮೂರನೆಯದು ನೋಡಲು ಏನೂ ಇಲ್ಲ. ಬೂದುಬಣ್ಣದ, ಡುಮ್ಮ ಹೊಟ್ಟೆಯ ಮಷಿನ್ನು. ಒಳಗೆ ದಪ್ಪನೆಯ ಚೀಲ, ಮುಚ್ಚಳದ ಸುತ್ತ ರಬ್ಬರಿನ ಪಟ್ಟಿ, ಹಿಂದೆ ಸಣ್ಣ ಕಣ ಹಿಡಿಯುವ ಫಿಲ್ಟರ್. ಅದು ಓಡುವಾಗ ಟಾರ್ಚಿನ ಬೆಳಕಿನಲ್ಲಿ ಬೆಳಕು ಬಿಟ್ಟು ಬೇರೇನೂ ಇರಲಿಲ್ಲ. ಚೀಲ ಹೊರತೆಗೆದಾಗ ಅದರ ಬಾಯಿ ತಾನಾಗಿ ಮುಚ್ಚಿಕೊಂಡಿತು. ಧೂಳನ್ನು ಸುರಿಯುವ ಮಾತೇ ಇಲ್ಲ, ಚೀಲದ ಸಮೇತ ಎಸೆಯುವುದು.

"ಇದು ನಿಮಗಾಗುತ್ತೆ," ಎಂದ ಅರ್ಧಮಾತು.

ತಡೆಯಿಲ್ಲದೆ ಪೂರ್ತಿಯಾಗಿ ಬಂದ ವಾಕ್ಯ. ಅದಕ್ಕೇಕೆ ಇಷ್ಟು ಖುಷಿಯಾಯಿತು ಎಂದು ಅವಳಿಗೆ ತಿಳಿಯಲಿಲ್ಲ.

ಆಮೇಲೆ ಅವನು ಚೀಲ ತಂದುಕೊಡುವ ನೆಪದಲ್ಲಿ ಬರತೊಡಗಿದ. ಬಂದಾಗ ಅವಳು ಸೋಫಾ ಕೀಳುವ ಕಡೆಗೇ ಪೈಪಿನ ಬಾಯಿ ಹಿಡಿದು ನಿಲ್ಲುತ್ತಿದ್ದ, ಧೂಳು ಏಳುವ ಮೊದಲೇ ಹಿಡಿಯಬೇಕೆಂದು. ಒಮ್ಮೆ ಸೋಫಾದ ಸಂದಿನಿಂದ ಯಾರದೋ ಹಲ್ಲಿನ ಸೆಟ್ಟು ಬಂದು ಪೈಪಿಗೆ ಕಚ್ಚಿಕೊಂಡಿತು. ಅವನು ಬೆಚ್ಚಿ ಪೈಪು ಕೈಬಿಟ್ಟ. ಅವಳು ನೆಲದ ಮೇಲೆ ಕುಳಿತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಅವನೂ ನಕ್ಕ, ಅದು ಮಾತ್ರ ಅರ್ಧವಾಗಿರಲಿಲ್ಲ.

"ಏನಪ್ಪಾ, ಈ ಚೀಲ ವಾರಕ್ಕೊಂದು ತುಂಬುತ್ತಾ?" ಎಂದು ಅಮ್ಮ ಪರದೆಯ ಹಿಂದಿನಿಂದ ಕೇಳಿದರು.

"ಇಲ್ಲ... ತಿಂಗಳಿಗೆ..." ಎಂದು ಸಿಕ್ಕಿಬಿದ್ದ.

ಅಮ್ಮನ ಕೆಮ್ಮು ಕಡಿಮೆಯಾಗಿತ್ತು. ಆದರೆ ಹೋಗಿರಲಿಲ್ಲ. ಬೆಳಗಿನ ಜಾವ ಎದೆಯಲ್ಲಿ ಉಬ್ಬಸದ ಸಿಳ್ಳು ಹಾಗೇ ಇತ್ತು. ಅವಳು ಕೇಳಿಸದವಳಂತೆ ಮಲಗಿರುತ್ತಿದ್ದಳು. ಕೇಳಿಸಿತು ಎಂದರೆ ಅಣ್ಣನಿಗೆ ಉತ್ತರ ಕೊಡಬೇಕಾಗುತ್ತಿತ್ತು.

ಗಡುವಿನ ದಿನ ಅಣ್ಣ ಬಂದ. ಗೋಡೆ ಮುಟ್ಟಿದ, ಬೆರಳು ನೋಡಿಕೊಂಡ, ಮೆಚ್ಚಿದವನಂತೆ ತಲೆಯಾಡಿಸಿದ. ಅರ್ಧಮಾತು ಅಂದೂ ಬಂದಿದ್ದ, ಚೀಲದೊಂದಿಗೆ. ಮಷಿನ್ನು ಕೊಟ್ಟವರು ಎಂದು ಅಮ್ಮ ಪರಿಚಯಿಸಿದರು.

ಅಣ್ಣ ನೇರವಾಗಿ ಕೇಳಿದ. "ನೀವೇ ಹೇಳಿ. ಈ ಮಷಿನ್ ನಂಬಿ ನಮ್ಮಮ್ಮನ್ನ ಇಲ್ಲೇ ಬಿಡಬಹುದಾ? ಇದರಿಂದ ಆಗುತ್ತಾ?"

ಅವಳು ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದವಳು ಹಾಗೇ ತಲೆಯೆತ್ತಿದಳು. ಹೇಳು... ಆಗುತ್ತೆ ಅನ್ನು. ಒಂದೇ ಮಾತು.

ಅವನು ಅವಳನ್ನು ನೋಡಿದ. ಸರಿಸಿದ್ದ ಪರದೆಯಾಚೆ ಮಂಚದ ಮೇಲಿದ್ದ ಅಮ್ಮನನ್ನು ನೋಡಿದ. ಆಮೇಲೆ ನಡುವಿನ ಪರದೆಯನ್ನು ನೋಡಿದ, ತುಂಬ ಹೊತ್ತು.

"ಆಗಲ್ಲ," ಎಂದ.

ಅಣ್ಣ ನಿಟ್ಟುಸಿರುಬಿಟ್ಟು ಅಮ್ಮನ ಬಟ್ಟೆ ಮಡಿಸಲು ಎದ್ದ. ಅವಳು ಮೊಳೆಗಳನ್ನು ಅಂಗೈಗೆ ಉಗಿದಳು.

"ಅದು... ಪರದೆ..." ಎಂದು ಅವನು ಹತ್ತಿರ ಬಂದ.

"ಹೋಗ್ರಿ. ನಿಮ್ಮ ಅರ್ಧ ಮಾತು ಸಾಕು ನಂಗೆ."

ಅವನು ಪರದೆಯತ್ತ ಎತ್ತಿದ ಕೈಯನ್ನು ಹಾಗೇ ಇಳಿಸಿದ. ತಂದಿದ್ದ ಚೀಲವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಸಂಜೆಗೆ ಮೊದಲೇ ಅಮ್ಮನೂ ಹೊರಟರು. ಹೋಗುವಾಗ ಮೊಳೆಯ ಡಬ್ಬಿಯನ್ನು ಮಗಳ ಕೈಗಿಟ್ಟು, ಚೆಲ್ಲಬೇಡ ಎಂದರು. ಅಷ್ಟೇ. ಅಳುವುದಕ್ಕೂ ಅವರಿಗೆ ಉಸಿರು ಬೇಕಿತ್ತು.

ಮನೆ ಸ್ವಚ್ಛವಾಗಿತ್ತು. ಯಾರಿಗಾಗಿ?

ಎರಡು ದಿನ ಸುತ್ತಿಗೆ ಮುಟ್ಟಲಿಲ್ಲ. ಅವನ ಮೇಲಿನ ಸಿಟ್ಟು ಆರಲಿಲ್ಲ. ಆದರೆ ಸಿಟ್ಟಿನ ಬುಡದಲ್ಲಿ ಇನ್ನೊಂದು ಕುಟುಕುತ್ತಿತ್ತು. ಅವನು ಸುಳ್ಳು ಹೇಳಿಲ್ಲ. ಬೆಳಗಿನ ಸಿಳ್ಳು ಕೇಳಿಸದವಳಂತೆ ಮಲಗಿದವಳು ಅವಳೇ. ಮತ್ತೆ... ಪರದೆ ಅಂದನಲ್ಲ, ಏನದು?

ಮೂರನೆಯ ದಿನ ಕಿಟಕಿ ಮುಚ್ಚಿದಳು. ಹಳೆಯ ಸೋಫಾ ಒಂದರ ಹೊದಿಕೆಯನ್ನು ಎಂದಿನಂತೆ ಪೈಪಿನ ಬಾಯಿ ಪಕ್ಕಕ್ಕಿಟ್ಟುಕೊಂಡೇ ಕಿತ್ತಳು. ಆಮೇಲೆ ಒಳಗೆ ಹೋಗಿ ಅಮ್ಮನ ಮಂಚದ ಮೇಲೆ ಕುಳಿತು ಪರದೆಯತ್ತ ಟಾರ್ಚು ಬಿಟ್ಟಳು.

ಪರದೆಯ ಕೆಳಗಿನಿಂದ, ಮೇಲಿನಿಂದ, ಎರಡು ಬದಿಯಿಂದ ತೆಳ್ಳನೆಯ ಹೊಗೆಯಂತೆ ಅದು ಬರುತ್ತಿತ್ತು. ಮಷಿನ್ನು ಹಿಡಿಯದೆ ಬಿಟ್ಟ ಸ್ವಲ್ಪ. ನಿಧಾನವಾಗಿ ಬಂದು ಅಮ್ಮನ ದಿಂಬಿನ ಮೇಲೆ ಇಳಿಯುತ್ತಿತ್ತು. ಎದ್ದು ಪರದೆಯನ್ನು ಒಮ್ಮೆ ತಟ್ಟಿದಳು. ಬೆಳಕೆಲ್ಲ ಬೂದಿಯಾಯಿತು.

ಅವಳೇ ಅಕ್ಕರೆಯಿಂದ ಹೊಲಿದ ಪರದೆ.

ಟಾರ್ಚು ಆರಿಸಿ ಕತ್ತಲಲ್ಲಿ ಸುಮ್ಮನೆ ನಿಂತಳು. ಮಷಿನ್ನೊಂದರಿಂದಲೇ ಆಗಲ್ಲ, ಪರದೆ ಇರೋವರೆಗೂ ಆಗಲ್ಲ... ಇಷ್ಟೇ ತಾನೇ ಅವನು ಹೇಳಬೇಕಿದ್ದದ್ದು? ಎರಡನೇ ಸಲ ಅವನನ್ನು ಅರ್ಧಕ್ಕೇ ತಡೆದಿದ್ದೆ ನಾನು.

ಅಂಗಡಿಗೆ ಓಡಿದಳು. ಅವನು ರಜೆ ಹಾಕಿದ್ದಾನೆ ಎಂದಳು ಬಿಲ್ಲಿನ ಅಕ್ಕ. ಎರಡು ದಿನದಿಂದ ಹಳೇ ಮರದ ಸಾಮಾನಿನ ಅಂಗಡಿಗಳನ್ನು ಸುತ್ತುತ್ತಿದ್ದಾನಂತೆ, ಏನು ಬೇಕೆಂದು ಕೇಳಿದರೆ ಎಂದಿನಂತೆ ಅರ್ಧ ಹೇಳುತ್ತಾನಂತೆ.

ವಾಪಸು ಬಂದಾಗ ಬೀದಿಯ ತಿರುವಿನಲ್ಲಿ ಒಂದು ಬಾಗಿಲು ನಡೆದು ಬರುತ್ತಿತ್ತು.

ಗೋಣಿ ಸುತ್ತಿದ ಬಾಗಿಲ ಕೆಳಗೆ ಎರಡು ಸಣಕಲು ಕಾಲು. ಮೇಲೆ ಏನೂ ಇಲ್ಲ. ಪ್ರತಿ ಹತ್ತು ಹೆಜ್ಜೆಗೆ ಅದು ನಿಂತು ಏದುಸಿರು ಬಿಟ್ಟು ಮತ್ತೆ ಹೊರಡುತ್ತಿತ್ತು. ಅವಳ ಮನೆಯ ಮುಂದೆ ಬಂದು ಬಾಗಿಲು ಕೆಳಗಿಳಿಯಿತು, ಹಿಂದಿನಿಂದ ಬೆವೆತ ಮುಖ ಕಂಡಿತು.

ಅವನು ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡ.

"ಅವತ್ತು ಅಣ್ಣನ ಮುಂದೆ ಆಗುತ್ತೆ ಅಂತ ಒಂದು ಸುಳ್ಳು ಹೇಳಬಹುದಿತ್ತು ನೀವು," ಎಂದಳು. ದನಿ ಗಟ್ಟಿಯಾಗಿರಲೆಂದು ನೋಡಿದಳು, ಆಗಲಿಲ್ಲ.

"ಹೇಳ್ಬಹುದಿತ್ತು. ಉಸಿರು... ಅಮ್ಮಂದು."

ಆ ಅರ್ಧವೇ ಅವಳಿಗೆ ಸಾಕಾಯಿತು. ಬಾಗಿಲಿನ ಒಂದು ತುದಿ ಹಿಡಿದಳು, ಅವನು ಇನ್ನೊಂದು ತುದಿ ಹಿಡಿದ.

ಗೋಣಿ ಬಿಚ್ಚಿದಾಗ ಬಾಗಿಲಿನ ಮೇಲಿನರ್ಧ ಗಾಜು. ಅಂಥದ್ದೇ ಹುಡುಕಿದನಂತೆ. ಅಮ್ಮ ನಿಮ್ಮನ್ನು ನೋಡ್ತಾ ಕೂರ್ಬೇಕಲ್ಲ ಎಂದ. ಅಷ್ಟು ಯೋಚಿಸಿದವನು ಅಳತೆಯನ್ನು ಮಾತ್ರ ಕಣ್ಣಂದಾಜಿನಲ್ಲೇ ತಂದಿದ್ದ. ಬಾಗಿಲು ಬೆರಳಷ್ಟು ಅಗಲವಾಗಿತ್ತು. ಅವನ ಮುಖ ಇಳಿದದ್ದನ್ನು ನೋಡಿ ಅವಳು ಅಪ್ಪನ ಹತ್ತರಿ ತೆಗೆದಳು. ಅಂಗಳದಲ್ಲಿ ಮರ ಹೆರೆದು ಸರಿ ಮಾಡಿದಳು, ಅಂಚಿಗೆಲ್ಲ ಫೋಮಿನ ಪಟ್ಟಿ ಅಂಟಿಸಿದಳು. ಅವನು ಕೀಲು ಕೂರಿಸುವಾಗ ಹೆಬ್ಬೆರಳು ಜಜ್ಜಿಕೊಂಡ. ಅವಳು ತನ್ನ ಕಪ್ಪು ಉಗುರನ್ನು ಅವನ ಉಗುರಿನ ಪಕ್ಕಕ್ಕೆ ಹಿಡಿದು ತೋರಿಸಿದಳು. ಕೈ ಹಿಂದಕ್ಕೆ ತೆಗೆಯಲು ಇಬ್ಬರೂ ಮರೆತರು.

ಬಾಗಿಲು ಕೂರಿಸಿದ ಸುದ್ದಿ ಕೇಳಿ ಅಮ್ಮನನ್ನು ಕರೆತಂದ ಅಣ್ಣ ಅಂದು ಹಿಂತಿರುಗಲಿಲ್ಲ. ಪರೀಕ್ಷೆ ಮಾಡಬೇಕಿತ್ತು ಅವನಿಗೆ. ತಂಗಿ ಒಂದು ಇಡೀ ಸೋಫಾ ಕಿತ್ತಳು, ಅಣ್ಣ ಟಾರ್ಚು ಹಿಡಿದು ಒಳಗೆ ಕುಳಿತ. ಬೆಳಗಿನ ಜಾವ ಅಮ್ಮನ ಎದೆಯ ಮೇಲೆ ಕಿವಿಯಿಟ್ಟಂತೆ ಹತ್ತಿರ ಕುಳಿತು ಕೇಳಿದ. ಸಿಳ್ಳು ಇರಲಿಲ್ಲ. ಮೂರು ದಿನ ಉಳಿದು, ಮೂರು ಬೆಳಗೂ ಕೇಳಿದ.

ಹೊರಡುವಾಗ ತಂಗಿಯ ತಲೆಯಿಂದ ನಾರಿನ ಎಳೆ ಒಂದನ್ನು ತೆಗೆದು, "ಆಗುತ್ತೆ ಬಿಡು ನಿನಗೆ," ಎಂದ. ಅದಕ್ಕಾಗಿ ಅವಳು ಎಷ್ಟು ವರ್ಷ ಕಾದಿದ್ದಳೋ, ಅವನಿಗೆ ಗೊತ್ತಿರಲಿಲ್ಲ.

ಅಂದು ಮಧ್ಯಾಹ್ನ ಅರ್ಧಮಾತು ಬಂದ. ಕೈಯಲ್ಲಿ ಚೀಲವಿರಲಿಲ್ಲ, ಯಾವ ನೆಪವೂ ಇರಲಿಲ್ಲ. ಹಿತ್ತಲ ಬಾಗಿಲಿಂದ ಒಳಗೆ ಬಂದು ಅಮ್ಮನ ಕುಶಲ ಕೇಳಿದ. ಗಾಜಿನ ಆಚೆ ಅವಳು ಹೊದಿಕೆ ಕೀಳುತ್ತಿದ್ದಳು, ಕೋಣೆಯ ತುಂಬ ಧೂಳು.

ಅವನು ಬಾಗಿಲ ಹತ್ತಿರ ಹೋಗಿ ಗಾಜಿಗೆ ಬೆನ್ನು ಕೊಟ್ಟು ನಿಂತ. ಮುಖ ಕಾಣದಿದ್ದರೆ ಮಾತು ಸುಲಭ ಎಂದುಕೊಂಡನೇನೋ.

"ನನಗಾಗಲ್ಲ," ಎಂದ.

ಅವಳ ಸುತ್ತಿಗೆ ನಿಂತಿತು. ಆದರೆ ಈ ಸಲ ಅವಳು ದುಡುಕಲಿಲ್ಲ. ಬಾಗಿಲಿಗೆ ಹಣೆ ತಾಗಿಸಿ ಕಾದಳು. ಅವನ ಹೆಗಲು ಒಮ್ಮೆ ಮೇಲೆದ್ದು ಇಳಿಯಿತು. ಇನ್ನೊಮ್ಮೆ. ಅವಳು ಕಾಯುತ್ತಲೇ ಇದ್ದಳು.

"ನೀವಿಲ್ದೆ... ನನಗಾಗಲ್ಲ."

ಅವಳ ಕೈ ಚಿಲಕಕ್ಕೆ ಹೋಯಿತು.

"ತೆಗೀಬೇಡ ಕಣೇ," ಎಂದು ಮಂಚದಿಂದ ಅಮ್ಮನ ದನಿ ಬಂತು. "ಮೊದ್ಲು ಧೂಳು ಎಳ್ಕೋ. ಅವನೆಲ್ಲೂ ಓಡಿಹೋಗಲ್ಲ."

ಅವಳು ನಗುತ್ತ, ಕಣ್ಣೊರೆಸಿಕೊಳ್ಳುತ್ತ ಡುಮ್ಮ ಮಷಿನ್ನನ್ನು ಚಾಲೂ ಮಾಡಿದಳು. ನೆಲ, ಮೇಜು, ತನ್ನ ತೋಳು, ತಲೆಗೂದಲು... ಒಂದು ಮೂಲೆಯನ್ನೂ ಬಿಡಲಿಲ್ಲ. ಅವನು ಈಗ ತಿರುಗಿ ನಿಂತು ಗಾಜಿನಲ್ಲಿ ಅವಳನ್ನೇ ನೋಡುತ್ತಿದ್ದ. ಒಳಗೆ ಅಮ್ಮ ಮೊಳೆಯ ಡಬ್ಬಿಯನ್ನು ಸುಮ್ಮಸುಮ್ಮನೆ ಅಲುಗಾಡಿಸುತ್ತಿದ್ದರು.

ಮಷಿನ್ನು ನಿಂತಿತು. ಬಾಗಿಲು ತೆರೆಯಿತು.

"ನನಗೂ..." ಎಂದಳು.

"ಪೂರ್ತಿ ಹೇಳಿ," ಎಂದ ಅವನು.

"ನನಗೂ ಆಗಲ್ಲ ಕಣ್ರೀ."